ಕಲಿಯಬೇಕಾದರೆ ಹುದ್ದೆ ಬಿಡಲೇಬೇಕಾ? ವೈದ್ಯಕೀಯ ಆಯೋಗಕ್ಕೂ ಆರೋಗ್ಯ ಇಲಾಖೆಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ಎರಡು ಕಡೆಗೆ. ಒಂದು, ರಾಷ್ಟ್ರೀಯ ವೈದ್ಯಕೀಯ ಆಯೋಗದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮಂಡಳಿಗೆ. ಇನ್ನೊಂದು, ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ. ಕೋರ್ಸಿನ ನಿಯಮ ಮಾಡುವುದು ದೆಹಲಿಯಲ್ಲಿ, ಹುದ್ದೆ ಮತ್ತು ರಜೆ ಕೊಡುವುದು ಬೆಂಗಳೂರಿನಲ್ಲಿ. ನಾನು ಕೇಳುತ್ತಿರುವುದು ಎರಡೂ ಕಡೆ ಒಪ್ಪಿದರೆ ಮಾತ್ರ ಆಗುವ ಕೆಲಸ. ಅದಕ್ಕೇ ಇಬ್ಬರಿಗೂ ಒಂದೇ ಪತ್ರ, ಎಲ್ಲರೂ ಓದುವ ಹಾಗೆ.

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞೆ. ಊರಿನವರ ಬಾಯಲ್ಲಿ 'ಬೆನ್ನಿಗೆ ಇಂಜೆಕ್ಷನ್ ಕೊಡೋ ಮೇಡಂ'. ಸಿಸೇರಿಯನ್ ಇರಲಿ, ಹರ್ನಿಯಾ ಇರಲಿ, ಮುರಿದ ಕಾಲಿರಲಿ, ನಾನು ಬರದೆ ಥಿಯೇಟರಿನಲ್ಲಿ ಕೆಲಸ ಶುರುವಾಗುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಈ ಕೆಲಸಕ್ಕೆ ನಮ್ಮಲ್ಲಿ ಇರುವುದೇ ಒಬ್ಬರು. ನನಗೆ ವಯಸ್ಸು ನಲವತ್ತು ದಾಟಿದೆ, ಮಗಳು ಪಿಯುಸಿ ಓದುತ್ತಿದ್ದಾಳೆ. ಇಂಥ ಹೊತ್ತಿನಲ್ಲಿ ನಾನೂ ಮತ್ತೆ ವಿದ್ಯಾರ್ಥಿಯಾಗಬೇಕಾ ಬೇಡವಾ ಅಂತ ಯೋಚಿಸುತ್ತಾ ಕೂತಿದ್ದೇನೆ. ಕಲಿಯಬೇಕು ಅಂತಿರುವುದು ಪ್ಯಾಲಿಯೇಟಿವ್ ಮೆಡಿಸಿನ್. ಗುಣವಾಗದ ಕಾಯಿಲೆ ಇರುವವರ ನೋವು, ಉಸಿರಾಟದ ಕಷ್ಟ, ಭಯ, ಅವರ ಮನೆಯವರ ಗೊಂದಲ, ಇವನ್ನೆಲ್ಲ ನೋಡಿಕೊಳ್ಳುವ ವಿಭಾಗ ಅದು.

"ಈ ವಯಸ್ಸಲ್ಲಿ ಯಾಕ್ರೀ ಮೇಡಂ, ಇರೋ ಎಂಡಿ ಸಾಕಲ್ವಾ?" ಅಂತ ಕೇಳದವರಿಲ್ಲ. ಕೇಳುವುದರಲ್ಲಿ ತಪ್ಪೇನಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಂದ ವಾಪಸ್ ಬರುವ ಕ್ಯಾನ್ಸರ್ ರೋಗಿಗಳ ಫೈಲಿನ ಕೊನೆಯಲ್ಲಿ ಎಷ್ಟೋ ಸಲ ಒಂದು ಸಾಲು ಇರುತ್ತದೆ: 'ಬೆಸ್ಟ್ ಸಪೋರ್ಟಿವ್ ಕೇರ್'. ಇನ್ನು ಕೀಮೋ, ರೇಡಿಯೇಷನ್‌ನಿಂದ ಪ್ರಯೋಜನ ಇಲ್ಲ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಅಂತ. ಯಾರು ನೋಡಿಕೊಳ್ಳಬೇಕು, ಎಲ್ಲಿ, ಹೇಗೆ ಅನ್ನುವುದು ಆ ಸಾಲಿನಲ್ಲಿ ಇರುವುದಿಲ್ಲ. ಮನೆಯವರು ಫೈಲ್ ಹಿಡಿದು ನಮ್ಮಲ್ಲಿಗೆ ಬರುತ್ತಾರೆ. ಫಿಸಿಶಿಯನ್ ನೋಡುತ್ತಾರೆ, ಸರ್ಜನ್ ನೋಡುತ್ತಾರೆ. ಆಮೇಲೆ "ನೋವಿನ ವಿಷಯ ಅಲ್ವಾ, ಅನಸ್ತೇಶಿಯಾ ಮೇಡಂಗೆ ತೋರಿಸಿ" ಅಂತ ನನ್ನ ಹತ್ತಿರ ಕಳಿಸುತ್ತಾರೆ. ಗುಟ್ಕಾ, ಕಡ್ಡಿಪುಡಿ ಹಾಕಿ ಹಾಕಿ ಈಗ ಬಾಯಿ ತೆರೆಯಲಾಗದ ಗಂಡಸರು ಬರುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್ ತೀರಾ ತಡವಾಗಿ ಗೊತ್ತಾದ ಹೆಂಗಸರು ಬರುತ್ತಾರೆ.

ಅವರ ನೋವಿನ ಒಂದು ಭಾಗ ನನಗೆ ಗೊತ್ತು. ಮಾರ್ಫಿನ್ ನನಗೆ ಹೊಸದಲ್ಲ. ಆದರೆ ನಾನು ಥಿಯೇಟರಿನಲ್ಲಿ ರಕ್ತನಾಳಕ್ಕೆ ಕೊಡುವ ಮಾರ್ಫಿನ್ ಬೇರೆ, ರೋಗಿ ಮನೆಯಲ್ಲಿ ನಾಲ್ಕು ಗಂಟೆಗೊಮ್ಮೆ ನುಂಗುವ ಮಾತ್ರೆ ಬೇರೆ. ಥಿಯೇಟರಿನಲ್ಲಿ ಮಾನಿಟರ್ ಇದೆ, ಆಕ್ಸಿಜನ್ ಇದೆ, ಪಕ್ಕದಲ್ಲೇ ನಾನಿದ್ದೇನೆ. ಮನೆಯಲ್ಲಿ ಸೊಸೆ ಗಡಿಯಾರ ನೋಡಿ ಕೊಡಬೇಕು. ಜೊತೆಗೆ ಮಲಬದ್ಧತೆಯ ಔಷಧಿ ಮರೆಯಬಾರದು. ಕಿಡ್ನಿ ಸರಿಯಿಲ್ಲದವರಿಗೆ ಅದೇ ಡೋಸ್ ಕೊಡುವಂತಿಲ್ಲ. ಇಷ್ಟನ್ನು ಪುಸ್ತಕ ನೋಡಿ ಕಲಿತುಕೊಂಡೆ. ಕರುಳು ಕಟ್ಟಿಕೊಂಡು ಬಿಡದೆ ವಾಂತಿ ಮಾಡುವವರನ್ನು ಮನೆಯಲ್ಲೇ ಇಟ್ಟುಕೊಂಡು ಹೇಗೆ ನೋಡುವುದು? ಕೆನ್ನೆ ತೂತಾಗಿ ಹುಳ ಬಿದ್ದ ಗಾಯಕ್ಕೆ ಏನು ಮಾಡುವುದು? ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದರೆ ವಾಸನೆ ಎಷ್ಟೋ ಕಮ್ಮಿಯಾಗುತ್ತದೆ, ಮೊಮ್ಮಕ್ಕಳು ಮತ್ತೆ ಹತ್ತಿರ ಬಂದು ಕೂರುತ್ತಾರೆ. ಇಷ್ಟು ಅಗ್ಗದ, ಇಷ್ಟು ಸುಲಭದ ಉಪಾಯ ನನ್ನ ಎಂಡಿಯ ಮೂರು ವರ್ಷದಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಇನ್ನು ಮಾತು. ಅಪ್ಪನಿಗೆ ಹೇಳಬೇಡಿ ಅಂತ ಮಗ. ಮಕ್ಕಳಿಗೆ ಹೇಳಬೇಡಿ ಅಂತ ಅಪ್ಪ. "ಇನ್ನೆಷ್ಟು ದಿನ ಮೇಡಂ?" ಅಂತ ಹೆಂಡತಿ ಬಾಗಿಲ ಹೊರಗೆ ಕರೆದು ಕೇಳುತ್ತಾರೆ. ನನ್ನ ರೋಗಿಗಳಲ್ಲಿ ಎಷ್ಟೋ ಜನ ಕೆಲಸದ ಹೊತ್ತಿನಲ್ಲಿ ನಿದ್ದೆಯಲ್ಲಿ ಇರುತ್ತಾರೆ. ಇಂಥ ಮಾತು ಆಡುವುದನ್ನು ಯಾರೂ ನನಗೆ ಕಲಿಸಲಿಲ್ಲ, ಪರೀಕ್ಷೆಯಲ್ಲಿ ಕೇಳಲೂ ಇಲ್ಲ. 2019ರಲ್ಲಿ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಪ್ಯಾಲಿಯೇಟಿವ್ ಆರೈಕೆಯೂ ಇದೆ, ರೋಗಿಯ ಜೊತೆ ಮಾತಾಡುವ ಕಲಿಕೆಯೂ ಇದೆ. ಈಗಿನ ಹುಡುಗರು ಪುಣ್ಯವಂತರು. ನಾವು ಅದಕ್ಕೂ ಮುಂಚಿನವರು.

ಕಾನೂನು ನಮ್ಮಂಥ ಡಾಕ್ಟರುಗಳಿಗಿಂತ ಮುಂದೆ ಹೋಗಿಬಿಟ್ಟಿದೆ ಅನ್ನುವುದನ್ನೂ ಗಮನಿಸಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸ್ ಬೇಕಾಗಿ, ಎಷ್ಟೋ ಆಸ್ಪತ್ರೆಗಳು ಅದರ ಸಹವಾಸವೇ ಬೇಡ ಅಂತ ಬಿಟ್ಟವು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲ ಮಾಡಿತು. ಮಾನ್ಯತೆ ಪಡೆದ ಆಸ್ಪತ್ರೆಗೆ ಈಗ ರಾಜ್ಯದ ಔಷಧ ನಿಯಂತ್ರಕರ ಒಪ್ಪಿಗೆ ಸಾಕು. ಆದರೆ ಆ ಮಾನ್ಯತೆ ಪಡೆಯಬೇಕಾದರೆ ತರಬೇತಿ ಪಡೆದ ವೈದ್ಯರು ಬೇಕು. ಇನ್ನೊಂದು ಸಂಗತಿ. ಘನತೆಯಿಂದ ಸಾಯುವ ಹಕ್ಕನ್ನು, ಅಂದರೆ ಗುಣವಾಗುವ ಆಸೆ ಇಲ್ಲದವರಿಗೆ ಜೀವ ಹಿಡಿದಿಡುವ ಯಂತ್ರ ನಿಲ್ಲಿಸಬಹುದು ಅನ್ನುವುದನ್ನು, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಕೊಂಡಿತು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಅದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ನಮ್ಮ ಇಲಾಖೆಯೇ ಸುತ್ತೋಲೆ ಹೊರಡಿಸಿತು. ಒಳ್ಳೆಯ ಹೆಜ್ಜೆ, ನಾನು ಮನಸಾರೆ ಸ್ವಾಗತಿಸಿದೆ. ವೆಂಟಿಲೇಟರ್ ತೆಗೆಯುವ ತೀರ್ಮಾನಕ್ಕೆ ಎರಡು ವೈದ್ಯಕೀಯ ಮಂಡಳಿಗಳು ಸಹಿ ಹಾಕುತ್ತವೆ. ತೆಗೆದ ಮೇಲಿನ ಕೆಲವು ಗಂಟೆ ಆ ಮನುಷ್ಯನಿಗೆ ಉಸಿರುಗಟ್ಟದ ಹಾಗೆ ನೋಡಿಕೊಳ್ಳುವವರು ಯಾರು? ಜಿಲ್ಲೆಗಳಲ್ಲಿ ಆ ಕೆಲಸ ಬಲ್ಲವರು ಎಷ್ಟು ಜನ ಇದ್ದಾರೆ ಅಂತ ಇಲಾಖೆ ಲೆಕ್ಕ ಹಾಕಿ ನೋಡಲಿ.

ಸರಿ, ಹಾಗಾದರೆ ಹೋಗಿ ಕಲಿಯಬಹುದಲ್ಲ? ನನ್ನ ಪತ್ರದ ವಿಷಯವೇ ಅದು.

ಪ್ಯಾಲಿಯೇಟಿವ್ ಮೆಡಿಸಿನ್‌ನಲ್ಲಿ ಎಂಡಿ ಇದೆ. ಅದಕ್ಕೆ ನಾನು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿ ಬರೆಯಬೇಕು, ಏಮ್ಸ್‌ನಂಥ ಸಂಸ್ಥೆಗಳಿಗಾದರೆ ಐಎನ್‌ಐ-ಸಿಇಟಿ ಅನ್ನುವ ಬೇರೆ ಪರೀಕ್ಷೆ. ನೀಟ್-ಪಿಜಿಯಲ್ಲಿ ಮೂರೂವರೆ ಗಂಟೆ, 200 ಪ್ರಶ್ನೆ, 800 ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಪಠ್ಯ ಎಂಬಿಬಿಎಸ್‌ನ ಎಲ್ಲ ವಿಷಯಗಳೂ. ತೋಳಿನ ನರಗಳ ಜಾಲ ಕೇಳಿದರೆ ನಿದ್ದೆಗಣ್ಣಲ್ಲಿ ಹೇಳುತ್ತೇನೆ, ದಿನಾ ಅಲ್ಲೇ ಸೂಜಿ ಚುಚ್ಚುವುದು. ಕ್ರೆಬ್ಸ್ ಸೈಕಲ್‌ನ ಕಿಣ್ವಗಳು, ಕೀಟಗಳ ಜೀವನಚಕ್ರ, ಫೊರೆನ್ಸಿಕ್‌ನ ಸೆಕ್ಷನ್ನುಗಳು? ಕೋಚಿಂಗ್ ಆ್ಯಪ್ ಹಾಕಿಕೊಂಡು ವರ್ಷಗಟ್ಟಲೆ ಅದೇ ಕೆಲಸ ಮಾಡುವ ಹುಡುಗ ಹುಡುಗಿಯರ ಜೊತೆ ನಾನು ಸ್ಪರ್ಧೆಗೆ ಇಳಿಯಬೇಕು. ಅವರಿಗೆ ಆ ಪರೀಕ್ಷೆ ಸರಿ. ಆದರೆ ಇಷ್ಟು ವರ್ಷ ಕೆಲಸ ಮಾಡಿದ ತಜ್ಞರಲ್ಲಿ ಯಾರು ಒಳ್ಳೆಯ ಪ್ಯಾಲಿಯೇಟಿವ್ ವೈದ್ಯರಾಗುತ್ತಾರೆ ಅನ್ನುವುದನ್ನು ಅದು ಹೇಳುತ್ತಾ?

ಗೆದ್ದೆ ಅಂತಲೇ ಇಟ್ಟುಕೊಳ್ಳಿ. ಮುಂದೆ ಪೂರ್ತಿ ಮೂರು ವರ್ಷ. ಆಯೋಗದ್ದೇ 2023ರ ಸ್ನಾತಕೋತ್ತರ ನಿಯಮಗಳ ಪ್ರಕಾರ ನಾನು ಪೂರ್ಣಾವಧಿ ರೆಸಿಡೆಂಟ್, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ವೈದ್ಯೆ. ಮತ್ತೆ ಒಂದು ಪ್ರಬಂಧ ಬರೆಯಬೇಕು. ಸಂಶೋಧನಾ ವಿಧಾನದ ಕೋರ್ಸ್ ಮಾಡಬೇಕು. ಎದೆ ಒತ್ತಿ ಉಸಿರು ಕೊಡುವ ಜೀವರಕ್ಷಣೆಯ ಕೋರ್ಸನ್ನೂ ಮಾಡಬೇಕು. ಅದನ್ನು ನಮ್ಮ ಆಸ್ಪತ್ರೆಯ ನರ್ಸ್‌ಗಳಿಗೂ ಆಂಬುಲೆನ್ಸ್ ಸಿಬ್ಬಂದಿಗೂ ಕಲಿಸುವವಳು ನಾನೇ! ಇದೆಲ್ಲಕ್ಕಿಂತ ತಮಾಷೆ ಜಿಲ್ಲಾ ರೆಸಿಡೆನ್ಸಿ. ಪಿಜಿ ವಿದ್ಯಾರ್ಥಿಗಳಿಗೆ ಹಳ್ಳಿಗಾಡಿನ ಆಸ್ಪತ್ರೆ ಹೇಗಿರುತ್ತದೆ ಅಂತ ಗೊತ್ತಾಗಲಿ ಅಂತ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತೀರಿ. ಒಳ್ಳೆಯ ಯೋಜನೆ. ಆದರೆ ಇಲ್ಲಿಂದಲೇ ಹೋದ ನನ್ನನ್ನು ಇಲ್ಲಿನ ಪರಿಚಯ ಆಗಲಿ ಅಂತ ಇಲ್ಲಿಗೇ ಕಳಿಸಿದರೆ ನಗಬೇಕೋ ಅಳಬೇಕೋ.

ಎಂಡಿ, ಎಂಎಸ್ ಆದಮೇಲಿನ ಸೂಪರ್ ಸ್ಪೆಷಾಲಿಟಿ ಕೋರ್ಸ್‌ಗಳಾದ ಡಿಎಂ, ಎಂಸಿಎಚ್ ಇದೆಯಲ್ಲ ಅನ್ನಬಹುದು. ಅವು ಇದ್ದ ಏಣಿಯಲ್ಲೇ ಇನ್ನೊಂದು ಮೆಟ್ಟಿಲು ಮೇಲೆ ಹತ್ತುವವರಿಗೆ. ಅವಕ್ಕೂ ಮೂರು ವರ್ಷ, ಅವಕ್ಕೂ ಪ್ರವೇಶ ಪರೀಕ್ಷೆ. ಮೇಲೆ ಹತ್ತದೆ ಪಕ್ಕಕ್ಕೆ ಸರಿಯಬೇಕು ಅನ್ನುವವರಿಗೆ ದಾರಿ ಮತ್ತೆ ನೆಲದಿಂದಲೇ.

ದುಡ್ಡಿನ ಮಾತು ಸುಮ್ನೆ ಒಂದು ಸಾಲಿನಲ್ಲಿ ಮುಗಿಸುತ್ತೇನೆ. ತಜ್ಞರ ಸಂಬಳದಿಂದ ಸ್ಟೈಪೆಂಡ್‌ಗೆ ಇಳಿಯುವುದು ಮನೆ ಸಾಲ, ಮಕ್ಕಳ ಫೀಸು ಇರುವವರಿಗೆ ಕಷ್ಟ. ಆದರೂ ಹೇಗೋ ಆಗುತ್ತದೆ, ಎಷ್ಟೋ ಜನ ಮಾಡಿದ್ದಾರೆ. ನನ್ನನ್ನು ಕಟ್ಟಿಹಾಕಿರುವುದು ಅದಲ್ಲ. ನಾನು ಮೂರು ವರ್ಷ ಹೋದರೆ ನಮ್ಮ ಥಿಯೇಟರಿಗೆ ಯಾರು? ನನ್ನ ಜಾಗಕ್ಕೆ ಬೇರೆಯವರು ತಕ್ಷಣ ಬಂದರೆ ಪುಣ್ಯ. ಬರದಿದ್ದರೆ ರಾತ್ರಿ ಹೆರಿಗೆ ಕಷ್ಟವಾದವರನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕು. ಸಾಯುವವರ ನೋವು ಕಮ್ಮಿ ಮಾಡುವುದನ್ನು ಕಲಿಯಲು ಹೋಗಿ ಹೆರುವವರನ್ನು ರಸ್ತೆಯಲ್ಲಿ ಬಿಟ್ಟ ಹಾಗಾಗುತ್ತದೆ. ಇದು ಬರೀ ನನ್ನ ಭಾವನೆ ಅಲ್ಲ. ಅರಿವಳಿಕೆ ತಜ್ಞರ ಕೊರತೆ ಎಷ್ಟಿದೆ ಅಂದರೆ, ತುರ್ತು ಹೆರಿಗೆ ಆಪರೇಷನ್ ನಿಲ್ಲಬಾರದು ಅಂತ ಎಂಬಿಬಿಎಸ್ ವೈದ್ಯರಿಗೆ 18 ವಾರದ ಜೀವರಕ್ಷಕ ಅರಿವಳಿಕೆ ತರಬೇತಿಯನ್ನು ಸರ್ಕಾರವೇ ಶುರು ಮಾಡಿತು.

ಆ 18 ವಾರದ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಅದು ಪೂರ್ತಿ ಅರಿವಳಿಕೆ ತಜ್ಞರನ್ನು ತಯಾರು ಮಾಡುವ ಕೋರ್ಸ್ ಅಲ್ಲ, ತುರ್ತು ಹೆರಿಗೆಗಷ್ಟೇ ಸೀಮಿತ. ಒಪ್ಪಿದೆ. ಆದರೂ ಜನರಿಗೆ ಅಗತ್ಯ ಇದ್ದಾಗ, ಕಲಿಯಬೇಕಾದ್ದು ಇಷ್ಟು, ಅದಕ್ಕೆ ಇಷ್ಟು ವಾರ ಅಂತ ಕೂತು ಲೆಕ್ಕ ಹಾಕಲು ಈ ದೇಶಕ್ಕೆ ಬರುತ್ತದೆ ಅಂತಾಯ್ತು. ಮೊದಲು ಕಲಿತದ್ದಕ್ಕೆ ರಿಯಾಯಿತಿ ಕೊಡುವುದೂ ನಿಮಗೆ ಹೊಸದಲ್ಲ. ಒಂದು ವಿಷಯದಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿದವರು ಅದೇ ವಿಷಯದ ಎಂಡಿಯನ್ನೋ ಅದಕ್ಕೆ ಸಮನಾದ ಡಿಎನ್‌ಬಿಯನ್ನೋ ಮೂರರ ಬದಲು ಎರಡು ವರ್ಷದಲ್ಲಿ ಮಾಡುತ್ತಾ ಬಂದಿದ್ದಾರೆ. 2020ರಲ್ಲಿ ಸಣ್ಣ ಆಸ್ಪತ್ರೆಗಳಿಗೆ ತಜ್ಞರು ಬೇಕು ಅಂತ ರಾಷ್ಟ್ರೀಯ ಪರೀಕ್ಷಾ ಮಂಡಳಿ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಶುರು ಮಾಡಿತು. ಅಂದರೆ ಮೂರು ವರ್ಷ ಅನ್ನುವುದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಹಾಗಿದ್ದ ಮೇಲೆ ಮಾರ್ಫಿನ್, ನರದ ಬ್ಲಾಕ್, ಐಸಿಯು, ಉಸಿರಾಟ ಎಲ್ಲ ಬಲ್ಲ ಅರಿವಳಿಕೆ ತಜ್ಞೆಗೂ, ಮೊನ್ನೆ ಇಂಟರ್ನ್‌ಶಿಪ್ ಮುಗಿಸಿದವರಿಗೂ ಅದೇ ಮೂರು ವರ್ಷ ಯಾಕೆ?

ಬೇರೆ ಕಡೆ ಹೇಗೆ ಅಂತ ನೋಡಿ. ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್‌ಗೆ ಮೂರು ವರ್ಷ, ಮಕ್ಕಳ ವಿಭಾಗಕ್ಕೆ ಮೂರು ವರ್ಷ. ಎರಡನ್ನೂ ಸೇರಿಸಿ ಕಲಿಯುವವರಿಗೆ ಆರಲ್ಲ, ನಾಲ್ಕು. ಎರಡರಲ್ಲೂ ಬರುವ ಪಾಠವನ್ನು ಎರಡು ಸಲ ಕಲಿಸುವುದಿಲ್ಲ, ಅಷ್ಟೇ. ಪ್ಯಾಲಿಯೇಟಿವ್ ಮೆಡಿಸಿನ್ ಅನ್ನು ಅಲ್ಲಿ ಯಾವುದೋ ಒಂದು ವಿಭಾಗಕ್ಕೆ ಕಟ್ಟಿಹಾಕಲಿಲ್ಲ. 2006ರಲ್ಲಿ ಉಪವಿಭಾಗ ಅಂತ ಮಾನ್ಯ ಮಾಡುವಾಗ ಹತ್ತು ತಜ್ಞ ಮಂಡಳಿಗಳು ಸೇರಿಕೊಂಡವು, ಅರಿವಳಿಕೆಯೂ ಅದರಲ್ಲಿ ಒಂದು. ಮೊದಲ ತಜ್ಞತೆ ಮುಗಿಸಿ ಬಂದವರಿಗೆ ಒಂದು ವರ್ಷದ ಫೆಲೋಶಿಪ್. ಕೊಲರಾಡೊ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೃತ್ತಿಯ ನಡುವಿನಲ್ಲಿರುವ ವೈದ್ಯರು ತಮ್ಮ ಊರು, ತಮ್ಮ ಕೆಲಸ ಬಿಡದೆ ಈ ತರಬೇತಿ ಪಡೆಯುವ ದಾರಿ ಮಾಡಿತು. ಅಮೆರಿಕದ್ದೆಲ್ಲ ನಮಗೆ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ, ಅವರ ಆಸ್ಪತ್ರೆ ಬಿಲ್ಲು ನಮಗೆ ಬೇಡವೇ ಬೇಡ. ಈ ಒಂದನ್ನು ಎರವಲು ತರಬಹುದು.

ಹಾಗೆ ನೋಡಿದರೆ ಎಷ್ಟೋ ಹೊಸ ವಿಭಾಗಗಳು ಹುಟ್ಟಿದ್ದೇ ಹೀಗೆ ಪಕ್ಕಕ್ಕೆ ಸರಿದವರಿಂದ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ, ಉಸಿರಾಡಲಾಗದ ರೋಗಿಗಳ ಗಂಟಲಿಗೆ ನಳಿಕೆ ಹಾಕಿ, ಕೈಯಲ್ಲಿ ಬ್ಯಾಗ್ ಒತ್ತಿ ಉಸಿರು ಕೊಡಬಹುದು ಅಂತ ತೋರಿಸಿದವರು ಬ್ಯೋರ್ನ್ ಇಬ್ಸನ್, ಅರಿವಳಿಕೆ ವೈದ್ಯರು. ವೈದ್ಯ ವಿದ್ಯಾರ್ಥಿಗಳು ಪಾಳಿ ಪ್ರಕಾರ ಹಗಲು ರಾತ್ರಿ ಬ್ಯಾಗ್ ಒತ್ತಿದರು. ಇವತ್ತಿನ ಐಸಿಯು ಬೆಳೆದದ್ದು ಅಲ್ಲಿಂದ. ಇವತ್ತಿನ ಪ್ಯಾಲಿಯೇಟಿವ್ ಆರೈಕೆಗೆ ಅಡಿಪಾಯ ಹಾಕಿದ ಲಂಡನ್ನಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಸಾಯುವವರ ನೋವಿಗೆ ಏನಾದರೂ ಮಾಡಬೇಕು ಅಂತ ವೈದ್ಯಕೀಯ ಓದಿ, ಡಾಕ್ಟರಾಗುವಾಗ 1957. ಅವರು ಹುಟ್ಟಿದ್ದು 1918ರಲ್ಲಿ. ವಯಸ್ಸು ನೀವೇ ಲೆಕ್ಕ ಹಾಕಿ. ನಮ್ಮ ಪಕ್ಕದ ಕೇರಳದ ಎಂ.ಆರ್. ರಾಜಗೋಪಾಲ್ ಅವರೂ ಅರಿವಳಿಕೆ ತಜ್ಞರೇ. ಕೋಳಿಕ್ಕೋಡು ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಕ್ಯಾನ್ಸರ್ ನೋವಿನ ಕಡೆ ತಿರುಗಿ, 1993ರಲ್ಲಿ ಗೆಳೆಯರ ಜೊತೆ ಸೇರಿ ಅಲ್ಲಿನ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ಒಂದು ನೀತಿ ತಂದಿತು. ಅವರ ಕಾಲದಲ್ಲಿ ಈ ವಿಷಯಕ್ಕೆ ಇಲ್ಲಿ ಕೋರ್ಸೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಈಗ ಬಾಗಿಲು ಇದೆ, ಆದರೆ ಅದರ ಅಳತೆ ತೆಗೆದಿರುವುದು ಇಪ್ಪತ್ತೈದರ ಹುಡುಗರಿಗೆ.

ವಿರೋಧದ ಮಾತುಗಳೂ ನನಗೆ ಗೊತ್ತು. ಅದರಲ್ಲಿ ಒಂದು ನಿಜಕ್ಕೂ ಗಟ್ಟಿಯಾದದ್ದು. "ಒಂದು ಎಂಡಿ ಇರುವವರು ಇನ್ನೊಂದು ಸೀಟು ತಗೊಂಡರೆ, ಒಂದೂ ಇಲ್ಲದ ಹುಡುಗನಿಗೆ ಅನ್ಯಾಯ ಅಲ್ವಾ?" ಹೌದು, ಅನ್ಯಾಯವೇ. ಆ ಕಾರಣಕ್ಕೇ ಫಾರಂ ತುಂಬಲು ನನಗೆ ಮನಸ್ಸು ಬರುತ್ತಿಲ್ಲ. ಹಾಗಾಗಿ ನಾನು ಕೇಳುತ್ತಿರುವುದು ಆ ಸೀಟನ್ನಲ್ಲ. ಆ ಲೆಕ್ಕದಿಂದ ಹೊರಗೆ, ಈಗಾಗಲೇ ತಜ್ಞರಾದವರಿಗೆಂದೇ ಬೇರೆ ದಾರಿ.

ತರಬೇತಿ ಮೊಟಕು ಮಾಡಿದರೆ ಗುಣಮಟ್ಟ ಕುಸಿಯುತ್ತದೆ ಅನ್ನುವುದು ಇನ್ನೊಂದು. ಹಾಗಿದ್ದರೆ ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ ಇಡಿ. ನನಗೆ ಅದರಲ್ಲಿ ರಿಯಾಯಿತಿ ಬೇಡ. ಈಗ ನಡೆಯುತ್ತಿರುವುದೇ ಹೆಚ್ಚು ಅಪಾಯ ಅಂತ ನನಗೆ ಅನ್ನಿಸುತ್ತದೆ. ಮಾನ್ಯತೆ ಇರುವ ದಾರಿ ಇಲ್ಲದ ಕಡೆ ಮಾನ್ಯತೆ ಇಲ್ಲದ ಫೆಲೋಶಿಪ್‌ಗಳ ಸಂತೆ ನೆರೆಯುತ್ತದೆ. ಆರು ವಾರದ ಆನ್‌ಲೈನ್ ಕ್ಲಾಸು, ಚೆಂದದ ಸರ್ಟಿಫಿಕೇಟು, ಬೋರ್ಡಿನ ಮೇಲೆ ಹೆಸರಿನ ಮುಂದೆ ನಾಲ್ಕಕ್ಷರ. ಒಳ್ಳೆಯ ಕೋರ್ಸ್‌ಗಳೂ ಇವೆ. ಪ್ಯಾಲಿಯೇಟಿವ್ ಆರೈಕೆಯ ದೂರಶಿಕ್ಷಣ ಕೋರ್ಸ್ ಒಂದರಿಂದ ನಾನೂ ಬಹಳ ಕಲಿತಿದ್ದೇನೆ. ಆದರೆ ರೋಗಿಯ ಹಾಸಿಗೆ ಪಕ್ಕ ನಿಂತು, ಬಲ್ಲವರು ನೋಡುತ್ತಿರುವಾಗ ನಾನು ಮಾಡಿ, "ಹಾಗಲ್ಲ, ಹೀಗೆ" ಅಂತ ತಿದ್ದಿಸಿಕೊಳ್ಳುವುದು ಲ್ಯಾಪ್‌ಟಾಪಿನಲ್ಲಿ ಆಗುವುದಿಲ್ಲ.

ಇನ್ನು, "ರಾತ್ರಿ ಡ್ಯೂಟಿ ತಪ್ಪಿಸಿಕೊಳ್ಳೋಕೆ ಈ ಉಪಾಯ" ಅಂತ ಒಬ್ಬ ಹಿರಿಯ ಅಧಿಕಾರಿ ಅಂದರು. ಸ್ವಲ್ಪ ನಿಜ ಇದೆ, ಬಿಡಿ. ರಾತ್ರಿ ಎರಡಕ್ಕೆ ಫೋನ್ ಬಂದರೆ ಮೈ ಮೊದಲಿನಂತೆ ಏಳುವುದಿಲ್ಲ. ಅರವತ್ತಕ್ಕೆ ನಿವೃತ್ತಿ. ಉಳಿದ ವರ್ಷಗಳಲ್ಲಿ ನಾನು ಬರೀ ಸುಸ್ತಾದ ಅರಿವಳಿಕೆ ತಜ್ಞೆಯಾಗಿ ಇರಬೇಕಾ, ಅಥವಾ ಎರಡು ಕೆಲಸ ಬಲ್ಲವಳಾಗಿ ಇರಬೇಕಾ? ಸರ್ಕಾರಕ್ಕೆ ಯಾವುದರಿಂದ ಲಾಭ? ಇದು ನನ್ನೊಬ್ಬಳ ಕಥೆಯೂ ಅಲ್ಲ. ಕುತ್ತಿಗೆ ನೋವಿನಿಂದ ಗಂಟೆಗಟ್ಟಲೆ ನಿಂತು ಆಪರೇಷನ್ ಮಾಡಲಾಗದ ಸರ್ಜನ್‌ಗಳಿದ್ದಾರೆ. ದಿನಾ ವಯಸ್ಸಾದವರನ್ನೇ ನೋಡುತ್ತಾ ಜೀರಿಯಾಟ್ರಿಕ್ಸ್ ಕಲಿಯಬೇಕು ಅನ್ನುವ ಫಿಸಿಶಿಯನ್‌ಗಳಿದ್ದಾರೆ. ಕೆಲವರು ದಾರಿ ಕಾಣದೆ ರಾಜೀನಾಮೆ ಕೊಟ್ಟು ಹೋಗುತ್ತಾರೆ. ಉಳಿದವರು ಆಸೆ ಬಿಡುತ್ತಾರೆ.

ನಾನು ಕೇಳುವುದು ಇಷ್ಟು. ಆಯೋಗವು ಈಗಾಗಲೇ ಎಂಡಿ, ಎಂಎಸ್, ಡಿಎನ್‌ಬಿ ಇರುವವರಿಗೆ ಎರಡನೇ ತಜ್ಞತೆಯ ಒಂದು ದಾರಿ ಮಾಡಲಿ. ಮೊದಲ ತರಬೇತಿಯಲ್ಲಿ ಏನೇನು ಬಂದಿದೆ ಅಂತ ವಿಷಯವಾರು ಲೆಕ್ಕ ಹಾಕಿ, ಉಳಿದದ್ದನ್ನು ಮಾತ್ರ ಕಲಿಸಲಿ. ಹೊಸ ಪ್ರಬಂಧದ ಬದಲು ಕೆಲಸದ ದಾಖಲೆ ನೋಡಲಿ. ಇಲಾಖೆ ತನ್ನ ಕಡೆಯಿಂದ ಹುದ್ದೆ ಬಿಡದೆ ಕಂತುಗಳಲ್ಲಿ ಕಲಿಯಲು ಬಿಡಲಿ. ಒಂದೆರಡು ತಿಂಗಳು ತರಬೇತಿ, ಮತ್ತೆ ಊರಿನಲ್ಲಿ ಕೆಲಸ, ಮತ್ತೆ ತರಬೇತಿ. ನಾವು ಹೋದ ತಿಂಗಳುಗಳಿಗೆ ಮೆಡಿಕಲ್ ಕಾಲೇಜಿನಲ್ಲಿ ಪಿಜಿ ಮುಗಿಸಿ ಕೆಲಸ ಮಾಡುವ ಸೀನಿಯರ್ ರೆಸಿಡೆಂಟ್ ಒಬ್ಬರನ್ನು ತಾಲ್ಲೂಕಿಗೆ ಕಳಿಸಲಿ. ಈಗ ಎಷ್ಟೊಂದು ಜಿಲ್ಲೆಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇವೆ, ಇದು ಆಗದ ಕೆಲಸವಲ್ಲ. ಕಲಿಸುವವರೂ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಕೊನೆಯ ದಿನಗಳ ಆರೈಕೆಯ ಕರುಣಾಶ್ರಯ, ಆ ಕಡೆ ಮಣಿಪಾಲ.

ಸೇವೆಯಲ್ಲಿರುವ ವೈದ್ಯರಿಗೆ ಪಿಜಿ ಪ್ರವೇಶದಲ್ಲಿ ಬೇರೆ ದಾರಿ ಮಾಡಿಕೊಡುವ ಅಧಿಕಾರ ರಾಜ್ಯಗಳಿಗೆ ಇದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವೇ ಹೇಳಿದೆ. ಆದ್ದರಿಂದ ಎಲ್ಲವೂ ದೆಹಲಿಯ ಕೈಯಲ್ಲಿದೆ ಅಂತ ಇಲಾಖೆ ಹೇಳಬೇಕಾಗಿಲ್ಲ. ಬದಲಿ ವೈದ್ಯರ ವ್ಯವಸ್ಥೆಯಂತೂ ಪೂರ್ತಿ ನಿಮ್ಮದೇ. ಅದನ್ನು ಮೊದಲು ಮಾಡಿ ತೋರಿಸಿ, ಆಯೋಗದ ಮುಂದೆ ಹೋಗುವಾಗ ಕೈಯಲ್ಲಿ ಒಂದು ಉದಾಹರಣೆ ಇರುತ್ತದೆ.

ಈ ವರ್ಷ ನೀಟ್-ಪಿಜಿ ಅರ್ಜಿ ಹಾಕಬಾರದು ಅಂತ ಸದ್ಯಕ್ಕೆ ತೀರ್ಮಾನಿಸಿದ್ದೇನೆ. ನೀವು ಒಂದೇ ಜಿಲ್ಲೆಯಲ್ಲಿ ಪ್ರಯೋಗ ಮಾಡಿದರೂ ಸಾಕು, ಮೊದಲ ಬ್ಯಾಚಿಗೆ ನನ್ನ ಹೆಸರು ಬರೆದುಕೊಳ್ಳಿ. ಸೋಮವಾರ ಮತ್ತು ಗುರುವಾರ ನಮ್ಮಲ್ಲಿ ಮೊದಲೇ ಗೊತ್ತುಮಾಡಿದ ಸಿಸೇರಿಯನ್‌ಗಳು ಇರುತ್ತವೆ. ಬದಲಿ ಡಾಕ್ಟರ್ ಬರುವವರೆಗೆ ಆ ಎರಡು ದಿನ ಬಿಟ್ಟು ಬೇರೆ ಯಾವ ದಿನ ಕರೆದರೂ ಬರುತ್ತೇನೆ.

ಇಂತಿ,
ತಾಲ್ಲೂಕು ಆಸ್ಪತ್ರೆಯೊಂದರ ಅರಿವಳಿಕೆ ತಜ್ಞೆ